ಅಕ್ಕನ ಮನೆಯ ಕಟ್ಟೆ

ಸರ್ಕಾರಿ ವಿಮೆ ಇದ್ದ ಮಿಲ್ ಕಾರ್ಮಿಕರನ್ನು ನೋಡಿದ್ದಕ್ಕೆ ನಮ್ಮಂಥ ಖಾಸಗಿ ಡಾಕ್ಟರಿಗೆ ಸರ್ಕಾರ ತಲೆಗಿಷ್ಟು ಅಂತ ಕೊಡುತ್ತಿತ್ತು. ತೊಂಬತ್ತರ ದಶಕದಲ್ಲಿ ಅದನ್ನೂ ಕಡಿತ ಮಾಡುತ್ತಾರೆಂಬ ಸುದ್ದಿ ಬಂತು. ಸಿಂಧನೂರಿನಿಂದ ನಾನು, ಮಸ್ಕಿಯಿಂದ ಗೆಳೆಯ ಡಾಕ್ಟರ್ ಬಸಪ್ಪ, ಇಬ್ಬರೂ ಮನವಿ ಹಿಡಿದು ಲಿಂಗಸುಗೂರಿಗೆ ಹೋದೆವು. ಶಾಸಕರೊಬ್ಬರು ಅಲ್ಲಿ ತಮ್ಮ ಅಕ್ಕನ ಮನೆಗೆ ಬಂದಿದ್ದರು.

ಮನೆಯ ಕಟ್ಟೆ ತುಂಬ ಅರ್ಜಿ ತಂದ ಜನ. ನಾವು ಡಾಕ್ಟರೆಂದು ಗೊತ್ತಾದದ್ದೇ ತಡ, ಅರ್ಜಿ ಮಡಚಿ ಜೇಬಿಗಿಟ್ಟು ನಾಲಿಗೆ ಚಾಚಿದರು. ಬಸಪ್ಪ ಅಂತೂ ಚೀಲದಿಂದ ಸ್ಟೆತಾಸ್ಕೋಪ್ ತೆಗೆದು ಕೂತೇಬಿಟ್ಟ.

ಹೊರಗೆ ಬಂದ ಶಾಸಕರು ಇದನ್ನು ನೋಡಿ, ನಾವು ಬಂದ ಕಾರಣ ಕೇಳಿ ನಕ್ಕರು. "ಇಷ್ಟು ಮಂದಿನ ಪುಕ್ಕಟೆ ನೋಡಾಕತ್ತೀರಿ. ಸರ್ಕಾರ ನಾಕು ರೊಕ್ಕ ಕಡಿಮಿ ಕೊಟ್ರ ನಿಮಗೇನ್ ತ್ರಾಸ್ರೀ?"

ದಾರಿಯುದ್ದಕ್ಕೂ ಉರು ಹೊಡೆದಿದ್ದ ವಾದ ನನಗೆ ಮರೆತೇಹೋಯಿತು. ಉತ್ತರ ಕೊಟ್ಟದ್ದು ಎಲ್ಲರಿಗೂ ಚಹಾ ತಂದಿದ್ದ ಅವರ ಅಕ್ಕ.

"ಲೇ ತಮ್ಮಾ, ರೊಕ್ಕ ಸಾಲದ ಇವರು ದವಾಖಾನಿ ಬಾಗಲಾ ಹಾಕಿದ್ರ, ಕೆಮ್ಮು ಬಂದೋರೂ ನಿನ್ನ ಹುಡುಕ್ಕೊಂಡು ಇಲ್ಲಿಗೇ ಬರ್ತಾರ. ನೀ ಬೆಂಗಳೂರಾಗ ಕುಂತಿರ್ತಿ. ದಿನಾ ಚಾ ಕಾಸಾಕಿ ನಾನು."

ಶಾಸಕರು ಕಟ್ಟೆಯನ್ನೊಮ್ಮೆ, ಅಕ್ಕನ ಮುಖವನ್ನೊಮ್ಮೆ ನೋಡಿ, "ಕೊಡ್ರಿ ನಿಮ್ಮ ಮನವಿ" ಅಂದರು. ಆಮೇಲೆ ಸದನದಲ್ಲಿ ಮಾತಾಡಿದರಂತೆ. ಕಡಿತವೂ ನಿಂತಿತು.

ನಮ್ಮ ವಾದಕ್ಕೆ ಶಾಸಕರು ತಲೆದೂಗಿದರೆಂದು ಬಸಪ್ಪ ಡಾಕ್ಟರುಗಳ ಸಭೆಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ. ನಾನೂ ತಟ್ಟಿದೆ. ಆದರೆ ಅಕ್ಕ ಮಂಡಿನೋವೆಂದು ಸಿಂಧನೂರಿಗೆ ಬಂದಾಗಲೆಲ್ಲ ನಾನು ಫೀ ಮಾತ್ರ ತಗೊಳ್ಳಲಿಲ್ಲ. ನಮ್ಮ ವಕೀಲರಿಗೆ ನಾವೇ ಫೀ ಕೊಡಬೇಕಲ್ಲ.