ಕೇನಾ ತುಂಬಿದ ಹೊಲ

ಖಟ್-ಚುಸ್ಸ್, ಖಟ್-ಚುಸ್ಸ್. ಬೆನ್ನ ಮೇಲಿನ ಪಂಪಿನ ಹಿಡಿಕೆ ಇಳಿದಾಗ ಒಂದು ಸದ್ದು, ಏರಿದಾಗ ಇನ್ನೊಂದು. ನನ್ನ ಗಂಡನ ಊರು ಡಾಬಕಾದಲ್ಲಿ ಮುಂಜಾನೆ ಆ ಸದ್ದು ಕೇಳಿತೆಂದರೆ ನನ್ನ ನೆಗೆಣ್ಣಿ ಸೋಯಾ ಸಾಲಿಗೆ ಇಳಿದಳು ಅಂತಲೇ ಲೆಕ್ಕ. ನನ್ನ ಮೈದುನನ ಹೆಂಡತಿ ಆಕೆ, ನನಗಿಂತ ಬಹಳ ಸಣ್ಣವಳು. ಸೆರಗು ಸೊಂಟಕ್ಕೆ ಸಿಗಿಸಿ, ಗಂಡನ ಹಳೇ ಟವೆಲ್ ಮೂಗಿಗೆ ಸುತ್ತಿಕೊಂಡು ಕಸದ ಎಣ್ಣಿ ಹೊಡೆಯುತ್ತ ಹೋಗುವಳು. ಕಸ ಸಾಯಬೇಕು, ಸೋಯಾ ಉಳಿಯಬೇಕು, ಅಂಥ ಎಣ್ಣಿ. ನನಗೆ ಅದು ಪ್ಯೂರ್ ಮ್ಯಾಜಿಕ್ ಅನ್ನಿಸುತ್ತಿತ್ತು.

ನಾನು ಹುಟ್ಟಿದ್ದು ಭಾಲ್ಕಿಯಲ್ಲಿ, ಓದಿದ್ದು ಬೀದರದ ಕಾನ್ವೆಂಟಿನಲ್ಲಿ, ಮದುವೆಯಾದ ಮೇಲೂ ಉಳಿದದ್ದು ಬೀದರದಲ್ಲೇ. ಗಂಡನ ಮನೆಯ ಹೊಲಕ್ಕೆ ಮಳೆಗಾಲದಲ್ಲೊಮ್ಮೆ ಬಸ್ಸು ಹತ್ತಿ ಹೋಗುವ ಗೆಸ್ಟ್ ನಾನು. ನಮ್ಮ ಬೀದರದ ಕೆಂಪು ಮಣ್ಣು ಸಭ್ಯ ಮಣ್ಣು. ಔರಾದ ದಾಟಿದ ಮೇಲೆ ಸಿಗುವ ಆ ಕರಿ ಮಣ್ಣು ಹಾಗಲ್ಲ ನೋಡಿ, ಚಪ್ಪಲಿಗೆ ಹತ್ತಿತೆಂದರೆ ಚಪ್ಪಲಿಯನ್ನೇ ಇಟ್ಟುಕೊಂಡುಬಿಡುತ್ತದೆ.

ನೆಗೆಣ್ಣಿಯ ಮೊಣಕಾಲು ಹೋಗಿದ್ದವು. ಕುಕ್ಕರಗಾಲಲ್ಲಿ ಕೂತು ಕಸ ತೆಗೆಯುವುದು ಆಗದ ಮಾತು. ಮೈದುನನದು ಔರಾದದಲ್ಲಿ ಹೊಲಿಗೆ ಅಂಗಡಿ.

"ಹೊಲ ಪಾಲಿಗಿ ಹಾಕಿಬಿಡೋಣು. ನನ್ನ ಜೋಡಿ ಔರಾದಕ್ಕ ಬಂದು ಆರಾಮ ಇರು" ಎಂದು ಅವನು ಪ್ರತಿ ವರ್ಷ ಅನ್ನುವನು.

"ನನ್ನ ಕೈಯಾಗಿನ ಹೊಲ ಇನ್ನೊಬ್ಬರ ಕೈಯಾಗ ಇಟ್ಟು, ನಿಮ್ಮ ಅಂಗಡ್ಯಾಗ ಕೂತು ನಾ ಏನ್ ಗುಂಡಿ ಹಚ್ಚಲಿ?" ಎಂದು ಈಕೆ.

ಪಂಪ್ ಬಂದ ಮೇಲೆ ಈ ವಾದದಲ್ಲಿ ಆಕೆಯೇ ಗೆದ್ದಳು. ನಿಂತುಕೊಂಡೇ ಕಸ ಕೊಲ್ಲಬಹುದಲ್ಲ.

ಅದಕ್ಕೂ ಮೊದಲು ಅಲ್ಲಿ ಕಸ ತೆಗೆಯುವುದೆಂದರೆ ಮುಯ್ಯಿ. ಊರ ಹೆಣ್ಣುಮಕ್ಕಳೆಲ್ಲ ಇವತ್ತು ಒಬ್ಬಳ ಹೊಲಕ್ಕೆ, ನಾಳೆ ಮತ್ತೊಬ್ಬಳ ಹೊಲಕ್ಕೆ. ಕೂಲಿಯ ಮಾತಿಲ್ಲ. ನೀನು ನನಗೆ ಒಂದು ದಿನ ಕೊಟ್ಟರೆ ಆ ದಿನವನ್ನು ನಾನು ನಿನಗೆ ತಿರುಗಿ ಕೊಡಬೇಕು, ಅಷ್ಟೇ. ಪಂಪ್ ತಂದ ವರ್ಷ, ಕರೆಯಲು ಬಂದವರಿಗೆ ನೆಗೆಣ್ಣಿ ಬಾಗಿಲಲ್ಲೇ ಹೇಳಿ ಕಳಿಸಿದ್ದಳಂತೆ: "ನನಗ ಪಂಪ್ ಅದ. ನೀವೂ ಬರಬ್ಯಾಡ್ರಿ, ನಾನೂ ಬರಂಗಿಲ್ಲ." ಆಮೇಲೆ ಎಲ್ಲರ ಮನೆಗೂ ಪಂಪ್ ಬಂತು. ಆದರೆ ಉಳಿದವರು ಶ್ರಾವಣದ ಒಂದು ಸುತ್ತು ಮುಯ್ಯಿಯನ್ನು ಬಿಡಲಿಲ್ಲ. ಬಿಟ್ಟವಳು ಈಕೆ ಒಬ್ಬಳೇ.

ಅಂಥ ಒಂದು ಶ್ರಾವಣದಲ್ಲಿ ನಾನು ಹೋದಾಗ ಹೊಲ ನೀಲಿಯಾಗಿತ್ತು.

ಅದು ಕೇನಾ. ಗಡಿಯಾಚೆ ಮರಾಠಿಯವರೂ ಹಾಗೇ ಕರೆಯುವ ಕಸ. ರಸ ತುಂಬಿದ ದಂಟು, ದುಂಡನೆಯ ಎಲೆ, ಬೆಳಿಗ್ಗೆ ಅರಳಿ ಮಧ್ಯಾಹ್ನದೊಳಗೆ ಕರಗಿಹೋಗುವ ಪುಟ್ಟ ನೀಲಿ ಹೂ. ಹಿಂದೆ ಬದುವಿನಲ್ಲಿ ಅಲ್ಲೊಂದು ಇಲ್ಲೊಂದು ಇರುತ್ತಿತ್ತು, ಎಲೆಯನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಭಜಿ ಕರಿಯುತ್ತಿದ್ದೆವು. ಈಗ ಸೋಯಾ ಎಲ್ಲಿದೆ ಎಂದು ಹುಡುಕಬೇಕಾಗಿತ್ತು. ಎಷ್ಟು ಬ್ಯೂಟಿಫುಲ್ ಎಂದು ಬಾಯಿಗೆ ಬಂದದ್ದನ್ನು ಆಕೆಯ ಮುಖ ನೋಡಿ ನುಂಗಿಕೊಂಡೆ.

"ಸಾಯವಲ್ದು ಅಕ್ಕಾರ" ಎಂದಳು. "ಎರಡ್ ಸಲ ಹೊಡ್ದೆ. ಎಲಿ ಮುದುಡ್ತದ, ಮಕ ಕೆಳಗ ಮಾಡ್ತದ. ಎಂಟ್ ದಿನಕ್ಕ ಮತ್ತ ನಕ್ಕೋತ ಏಳ್ತದ."

ಔರಾದದ ಕೃಷಿ ಆಫೀಸಿನಲ್ಲಿ ಕೇಳಿ ಬಂದಿದ್ದಳು. ವರ್ಷವರ್ಷವೂ ಅದೇ ಎಣ್ಣಿ ಹೊಡೆದರೆ ಸಾಯುವವು ಸಾಯುತ್ತವೆ, ಸಾಯದ್ದು ಉಳಿಯುತ್ತದೆ, ಮುಂದಿನ ವರ್ಷ ಹೊಲ ತುಂಬ ಅದರ ಮಕ್ಕಳೇ ಇರುತ್ತವೆ ಎಂದರಂತೆ. ಇದನ್ನು ಕೇಳಿದ ಮೈದುನ ಎತ್ತು ಕಟ್ಟಿಸಿ, ಸಾಲಿನ ನಡುವೆ ಎಡೆಕುಂಟೆ ಹೊಡೆಸಿದ. ಕೇನಾ ತುಂಡು ತುಂಡಾಗಿ ಬಿತ್ತು. ಮರುದಿನ ಮಳೆ. ನಾಲ್ಕು ದಿನ ಬಿಟ್ಟು ನೋಡಿದರೆ ಕಡಿದ ಒಂದೊಂದು ಗೆಣ್ಣೂ ಬೇರು ಬಿಟ್ಟು ಎದ್ದು ಕೂತಿತ್ತು. ಕೊಂದೆವೆಂದುಕೊಂಡಿದ್ದೆವು, ನಾವು ಮಾಡಿದ್ದು ನಾಟಿ.

"ಈ ಸಲ ಬೆಳಿ ಹೋತಂದ್ರ ಪಾಲಿಗೇ ಹಾಕೋದು. ಮತ್ತ ಮಾತ್ ತೆಗೀಬ್ಯಾಡ" ಎಂದ ಮೈದುನ. ಅವತ್ತು ಗುಂಡಿ ಹಚ್ಚುವ ಮಾತು ಆಕೆಯ ಬಾಯಿಂದ ಬರಲಿಲ್ಲ. ಹೂಂ ಅಂದಳು.

ನಾನು ಬದುವಿನ ಹತ್ತಿರ ಕೂತು ಒಂದು ಕೇನಾವನ್ನು ಬುಡಸಮೇತ ಮೆಲ್ಲಗೆ ಎತ್ತಿದೆ. ಕಾನ್ವೆಂಟಿನಲ್ಲಿ ನಮಗೆ ಬಾಟನಿ ಕಲಿಸಿದ ಸಿಸ್ಟರ್, ಗಿಡದ ಮೇಲಿನದಷ್ಟೇ ನೋಡಿ ಚಿತ್ರ ಬರೆದರೆ ಅರ್ಧ ಮಾರ್ಕ್ಸ್ ಕತ್ತರಿಸುತ್ತಿದ್ದರು. ಅದೇ ಅಭ್ಯಾಸ. ಮಣ್ಣು ಝಾಡಿಸಿ ಕನ್ನಡಕ ಏರಿಸಿ ನೋಡುತ್ತೇನೆ, ಬುಡದಿಂದ ಬಿಳೀ ದಾರದಂಥ ಕುಡಿಗಳು ಮಣ್ಣಿನೊಳಗೆ ಇಳಿದಿವೆ, ಅವುಗಳ ತುದಿಯಲ್ಲಿ ಬಣ್ಣವಿಲ್ಲದ, ಎಂದೂ ಬಾಯಿ ಬಿಡದ ಹೂಗಳು. ಕೆಲವು ಆಗಲೇ ಬೀಜ ಕಟ್ಟಿವೆ. ಮೈ ಜುಮ್ಮೆಂದಿತು. ಈ ವಯಸ್ಸಿನಲ್ಲಿ ಮೊದಲ ಸಲ ನಕ್ಷತ್ರ ನೋಡಿದ ಹಾಗೆ. ನೆಗೆಣ್ಣಿಯನ್ನು ಕೂಗಿ ಕರೆದು ತೋರಿಸಿದೆ.

"ಹೂವಾ? ಮಣ್ಣಾಗ? ಯಾರ್ ನೋಡ್ಲಿ ಅಂತ ಬಿಡ್ತದರಿ?"

"ಯಾರೂ ನೋಡೋದು ಬೇಕಿಲ್ಲ ಅದಕ್ಕ. ಜೇನೂ ಬ್ಯಾಡ, ಗಾಳೀನೂ ಬ್ಯಾಡ. ತನ್ನ ಬೀಜ ತಾನೇ ಕಟ್ಕೋತದ."

ಆಕೆ ಆ ಬಿಳೀ ಕುಡಿಯನ್ನು ಅಂಗೈಯಲ್ಲಿಟ್ಟುಕೊಂಡು ಹೊರಳಿಸಿ ನೋಡಿದಳು. "ಅಂದ್ರ ಮ್ಯಾಲ ನಾ ಪಂಪ್ ಹೊತ್ಕೊಂಡು ತಿರಗ್ತೇನಿ, ಕೆಳಗ ಇದು ಬಾಣಂತನ ಮಾಡ್ಕೋತ ಕೂತದ!" ಎಂದಳು. ಇಬ್ಬರೂ ನಕ್ಕೆವು. ನಗುತ್ತಲೇ ಆಕೆಯ ಕಣ್ಣು ತುಂಬಿತು.

ಉಳಿದದ್ದು ಒಂದೇ ದಾರಿ. ಮಣ್ಣು ಹಸಿಯಿರುವಾಗ ಒಂದೊಂದನ್ನೂ ಬೇರಿನ ತನಕ ಕಿತ್ತು, ಹೊಲದ ಹೊರಗೆ ಹೊತ್ತೊಯ್ದು, ಬಂಡೆಯ ಮೇಲೆ ಒಣಗಿಸಬೇಕು. ಅದಕ್ಕೆ ಬಹಳ ಕೈಗಳು ಬೇಕು. ಊರಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಒಂದೊಂದು ದಿನ ಕೊಡಬೇಕಾದವರೇ. ಆಕೆಗೆ ಕೊಡಬೇಕಾದವರು ಮಾತ್ರ ಯಾರೂ ಇರಲಿಲ್ಲ.

ಮರುದಿನ ಮುಂಜಾನೆ ಆಕೆ ಬಟ್ಟೆಯಲ್ಲಿ ರೊಟ್ಟಿ ಕಟ್ಟಿಕೊಂಡು ಕಸ ಕೀಳುವ ಖುರ್ಪಿ ಹಿಡಿದು ಹೊರಟಳು. ಪಕ್ಕದ ಹೊಲ ಊರೆಲ್ಲ ಖಾಲಾ ಎಂದು ಕರೆಯುವ ಮುದುಕಿಯದು. ಅವತ್ತು ಮುಯ್ಯಿ ಅಲ್ಲಿತ್ತು. ನಾನು ಹಿಂದೆ ಹೋಗಿ ಬದುವಿನ ಮೇಲೆ ಕೂತೆ.

ಖಾಲಾ ತಲೆ ಎತ್ತಿ ನೋಡಿದಳು. "ಕ್ಯಾ ಗೇ, ದಾರಿ ತಪ್ಪಿದೇನು? ನಿನ್ನ ಪಂಪ್ ಎಲ್ಲದ? ತೌರಮನಿಗಿ ಹೋಗ್ಯದೇನು?"

ಸಾಲೆಲ್ಲ ಗೊಳ್ಳೆಂದಿತು.

"ಹೌದ್ ಖಾಲಾ. ಹೋದದ್ದು ತಿರುಗಿ ಬರವಲ್ದು. ಅದಕ್ಕ ನಾನೇ ಬಂದೀನಿ."

ಯಾರೂ ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಆಕೆ ಸಾಲಿನ ಕೊನೆಯಲ್ಲಿ ಹಸೀ ನೆಲದ ಮೇಲೆ ಕಾಲು ಚಾಚಿ ಕೂತಳು, ಕೈ ಊರಿ ಊರಿ ಮುಂದೆ ಸರಿದಳು. ಸಂಜೆಯಾಗುವಷ್ಟರಲ್ಲಿ ಸೀರೆ ಯಾವುದು ಮಣ್ಣು ಯಾವುದು ತಿಳಿಯದಂತಾಗಿತ್ತು. ಮರುದಿನ ಇನ್ನೊಬ್ಬಳ ಹೊಲ, ಅದರ ಮರುದಿನ ಮತ್ತೊಬ್ಬಳದು. ಮುಯ್ಯಿಯನ್ನು ಬಾಯಿ ಬಿಟ್ಟು ಕೇಳುವ ಹಾಗಿಲ್ಲ, ಕೊಟ್ಟು ಕಾಯಬೇಕು.

ಆಕೆಯ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೇಳಿದೆ, "ಅವರು ಬರಲಿಲ್ಲಂದ್ರ?"

"ಬರಲಿಲ್ಲಂದ್ರ ಅವರ ಹೊಲ ಆದ್ರೂ ಸ್ವಚ್ಛ ಆತಲ್ಲರಿ" ಎಂದಳು.

ಬಂದರು. ಒಂದು ಮುಂಜಾನೆ ಖಾಲಾ ಎಲ್ಲರಿಗಿಂತ ಮುಂದೆ ಬಂದು, "ಎಲ್ಲಿಂದ ಹಿಡಿಯೋಣು? ನಿನ್ನ ಹೊಲದಾಗ ಬೆಳಿ ಯಾವ್ದು, ಕಸ ಯಾವ್ದು, ಮೊದ್ಲ ಅದು ತೋರ್ಸು" ಎಂದಳು. ನೆಗೆಣ್ಣಿ ಮೊದಲ ಸಾಲಿಗೆ ಕೂತು, ಕೇನಾ ಸರಿಸಿ ಒಂದು ಸೋಯಾ ಬುಡ ತೋರಿಸಿದಳು. ಬಂಡೆಯ ಮೇಲೆ ಕೇನಾದ ರಾಶಿ ಆಳೆತ್ತರ ಬೆಳೆಯಿತು, ಕೆಳಗಿನಿಂದ ಸೋಯಾ ಬಡಕಲಾಗಿ, ಹಳದಿಯಾಗಿ, ಆದರೂ ಜೀವಂತ ಹೊರಬಂತು. ಬೆಳೆ ಕೈಗೆ ಹತ್ತಿತು. ಕೇನಾ ಸೋತಿತು ಅಂತ ಮಾತ್ರ ಹೇಳಲಾರೆ. ಮಣ್ಣೊಳಗೆ ಬೀಜ ಬಿಟ್ಟು ಹೋಗಿತ್ತು, ಮುಂದಿನ ಮಳೆಗೆ ಮತ್ತೆ ಬಂತು. ಹೆಣ್ಣುಮಕ್ಕಳೂ ಮತ್ತೆ ಬಂದರು.

ಆ ಮುಂದಿನ ಮಳೆಗಾಲದ್ದೇ ನನ್ನ ಕೊನೆಯ ಭೇಟಿ. ಚಳಿ ಶುರುವಾದಾಗ ನೆಗೆಣ್ಣಿ ತೀರಿಹೋದಳು. ನಾನು ಬೀದರದ ಆಸ್ಪತ್ರೆಯಲ್ಲಿ ಮಲಗಿದ್ದೆ, ಮುಖ ನೋಡಲಾಗಲಿಲ್ಲ. ಹೀಗಾಗಿ ನನಗುಳಿದದ್ದು ನಾನು ಬೀದರಕ್ಕೆ ಹೊರಟ ಆ ಬೆಳಗು. ಪ್ರತಿ ಸಲ ರಸ್ತೆಯವರೆಗೆ ಬಂದು ನನ್ನನ್ನು ಜೀಪಿಗೆ ಹತ್ತಿಸುವವಳು, ಅವತ್ತು ಖಾಲಾನ ಸಾಲಿನಲ್ಲಿದ್ದಳು. ಮೈದುನ ಅಂಗಡಿಯ ಚಿಂದಿಗಳಿಂದ ಹೊಲಿದುಕೊಟ್ಟ ಬಣ್ಣಬಣ್ಣದ ದಪ್ಪ ಗಾದಿಯ ಮೇಲೆ ಕೂತಿದ್ದಳು. ಜೀಪ್ ನಿಲ್ಲಿಸಿ ಹೋಗಿ ಬರ್ತೇನಿ ಎಂದು ಕೂಗಿದೆ.

"ಏಳ್ಲಾಕ ಬರಂಗಿಲ್ಲರಿ ಅಕ್ಕಾರ! ಇವತ್ತ ಖಾಲಾನ ದಿನ ಅದ!"

"ಹೋಗೇ, ಅಕ್ಕನ್ನ ಕಳಿಸಿ ಬಾ" ಎಂದಳು ಖಾಲಾ.

ಆಕೆ ತಲೆ ಅಲ್ಲಾಡಿಸಿದಳು. ಕೈಯಲ್ಲಿದ್ದ ಕೇನಾದ ಹಿಡಿಯನ್ನು ನನ್ನ ಕಡೆಗೆ ಒಮ್ಮೆ ಎತ್ತಿ ತೋರಿಸಿ, ಬುಟ್ಟಿಗೆ ಹಾಕಿ, ಗಾದಿ ಎಳೆದುಕೊಂಡು ಒಂದು ಗೇಣು ಮುಂದೆ ಸರಿದಳು.