ತಮ್ಮ ನಾಡಿ ತಾವೇ ಹಿಡ್ಕೊಂಡ ಸಿಸ್ಟರ್

ನೀವು ನಂಬಂಗಿಲ್ಲ ಬಿಡ್ರಿ, ಆದ್ರೂ ಹೇಳ್ತೀನಿ. ಸೇಡಂದಾಗ ನಮ್ಮ ಮ್ಯಾಲಿನ ಖೋಲ್ಯಾಗ ಒಬ್ಬರೇ ಬಾಡಿಗಿಗಿ ಇದ್ದ ಸಿಸ್ಟರ್, ದವಾಖಾನಿ ಎಮರ್ಜೆನ್ಸಿ ವಾರ್ಡಿನವರು, ಯಾರ್ ಸಿಕ್ಕರೂ ಮೊದಲ ನಾಡಿ ಹಿಡೀತಿದ್ರು. ಹಾಲಿನವಂದು ಹಿಡಿದ್ರು, ನಮ್ಮ ಬೆಕ್ಕಿಂದೂ ಹಿಡಿದ್ರು. ಬೆಕ್ಕಿಗಿ ಸುದ್ದಾ ಮರ್ಯಾದಿ ಕೊಟ್ಟು, "ಏನ್ ಆಗಂಗಿಲ್ರಿ, ನಾ ಇದ್ದೀನಿ" ಅಂತಿದ್ರು. ನಾ ಆ ದನಿ ನಕಲ್ ಮಾಡಿದ್ರ ಸಾಲಿ ಹುಡುಗ್ರು ನಕ್ಕು ನಕ್ಕು ಬೆಂಚಿನ ಕೆಳಗ ಬೀಳ್ತಿದ್ರು.

ಒಂದಿನ ವಾರ್ಡಿನಾಗ ಪೇಷಂಟ್ ಕಡೆಯವನೊಬ್ಬ, "ನಿನಗೇನ್ ಬರ್ತದ? ನೀ ಎಂಥಾ ಸಿಸ್ಟರ್?" ಅಂತ ಎಲ್ಲರ ಮುಂದ ಅವರ ಕಪಾಳಕ್ಕ ಹೊಡದ. ಆಮ್ಯಾಲ ಅವರು ಡ್ಯೂಟಿಗಿ ಹೋಗೋದೇ ಬಿಟ್ರು. ಒಂದು ವಾರ ಆದಮ್ಯಾಲ ಮುಂಜಾನಿ ಅವರನ್ನ ಡ್ಯೂಟಿಗಿ ಒಯ್ಯೋ ಆಟೋ ಮತ್ತ ಬಂದು ಹಾರ್ನ್ ಹೊಡೀಲಿಕತ್ತಿತು. ಹೊಸಾ ನಕಲ್ ಸಿಗ್ತದ ಅಂತ ನಾ ಮೆಟ್ಟಿಲ ಏರಿದೆ.

ಬಾಗಿಲ ತೆರದೇ ಇತ್ತು. ಯುನಿಫಾರ್ಮ್ ಹಾಕ್ಕೊಂಡು ಪಲಂಗದ ಮ್ಯಾಲ ಕುಂತಿದ್ರು. ಎರಡು ಬೆರಳಿಲೆ ತಮ್ಮ ನಾಡಿ ತಾವೇ ಹಿಡ್ಕೊಂಡಿದ್ರು. "ಏನ್ ಆಗಂಗಿಲ್ರಿ..." ಅಂದ್ರು. ಅವರ ಬಾಯಿಗಿ "ನಾ ಇದ್ದೀನಿ" ಅನ್ನೋದು ಬರಲೇ ಇಲ್ಲ. ಮತ್ತ ಶುರು ಮಾಡಿದ್ರು, ಮತ್ತ ಅಲ್ಲೇ ನಿಂತ್ರು. ನಾ ನಗಲಿಕ್ಕ ರೆಡಿ ಆಗಿ ಬಂದಾವ, ಬಾಯಿ ತಕ್ಕೊಂಡು ನಿಂತುಬಿಟ್ಟೆ.

ಅಷ್ಟರಾಗ ಹಿಂದಿನಿಂದ ಅವ್ವ ಬಂದಳು. ನನ್ನ ಕಿವಿ ಹಿಂಡಿ ಬಾಜೂಕ ಸರಿಸಿ, ಒಳಗ ಹೋಗಿ ಸಿಸ್ಟರ್ ಮಗ್ಗಲಕ ಕುಂತಳು. ನಾಡಿ ಹಿಡಿಯೋದು ಅವ್ವಗ ಎಲ್ಲಿ ಬರ್ತದ? ಇಡೀ ಕೈನೇ ಹಿಡ್ಕೊಂಡಳು.

"ನೀ ಕೆಳಗ ನಡಿ," ಅಂದಳು ನನಗ. "ಸಿಸ್ಟರ್ ಬರ್ತಾರ, ನಿಲ್ಲಂತ ಆಟೋದವಗ ಹೇಳು."