ಮುನಿವೆಂಕಟಮ್ಮನ ಹೆಬ್ಬೆರಳು

ಕೆಡವಿದ ಮನೆಯ ಕಲ್ಲುಮಣ್ಣು ತುಂಬಿದ ಬಾಂಡ್ಲಿಯನ್ನು ತಲೆಯ ಮೇಲಿಟ್ಟುಕೊಂಡು ಮುನಿವೆಂಕಟಮ್ಮ ಗೇಟಿನಲ್ಲಿ ನಿಂತುಬಿಡುತ್ತಿದ್ದಳು. "ಯಾಡಿಕಿ? ಎಲ್ಲಿಗೆ ಸುರೀಲಿ, ಹೇಳಪ್ಪ" ಎಂದು ಕೇಳುವಳು. ಮುಳಬಾಗಿಲಿನ ಗಾರೆ ಕೆಲಸದವರಲ್ಲಿ ಹಾಗೆ ಕೇಳುತ್ತಿದ್ದವಳು ನಾನು ಕಂಡಂತೆ ಅವಳೊಬ್ಬಳೇ. ಉತ್ತರ ಬರುವವರೆಗೆ ಕಾಲು ಕೀಳುತ್ತಿರಲಿಲ್ಲ. ನಮ್ಮ ಹಳೆಯ ಮನೆ ಕೆಡವಿಸಿದಾಗ ನನ್ನನ್ನೂ ಕೇಳಿದಳು. ನಾನು ಫೋನಿನಲ್ಲಿದ್ದೆ. "ಎಲ್ಲಾದರೂ ಸುರಿಯಮ್ಮ, ಕೆರೆ ಇಲ್ವಾ?" ಅಂದೆ. ಆ ಮಾತು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಅವಳು ದುರುಗುಟ್ಟಿ ನೋಡಿ ಟ್ರ್ಯಾಕ್ಟರಿಗೆ ತುಂಬಿದಳು. ಕೂಲಿಯವಳು ಬೇರೇನು ಮಾಡಿಯಾಳು?

ಆ ಮನೆಯ ಕೆಂಪು ಗಾರೆ ನೆಲವನ್ನು ಹರೆಯದಲ್ಲಿ ಉಜ್ಜಿ ನಯ ಮಾಡಿದವಳೂ ಅವಳೇ. ನೆಲ ಹಸಿ ಇರುವಾಗಲೇ ಅಡುಗೆಮನೆ ಬಾಗಿಲ ಹತ್ತಿರ ಕಾಲಿನ ಹೆಬ್ಬೆರಳು ಊರಿಬಿಟ್ಟಿದ್ದಳು. ಆ ಗುಳಿ ಹಾಗೇ ಉಳಿಯಿತು. ನೆಲ ಒರೆಸುವಾಗಲೆಲ್ಲ ಅಮ್ಮ ಅವಳನ್ನು ಬೈಯುತ್ತಿದ್ದಳು; ಅವಳೇ ಎದುರಿಗೆ ಬಂದರೆ ಕಾಫಿ ಕೊಡುತ್ತಿದ್ದಳು.

ಬಡಾವಣೆಯವರೆಲ್ಲ ಸುರಿದೂ ಸುರಿದೂ ಕೆರೆಯ ಕೋಡಿ ಮುಚ್ಚಿಹೋಯಿತು. ಹೆಚ್ಚಾದ ನೀರು ಹೊರಬೀಳಲು ಇದ್ದ ದಾರಿ ಅದೊಂದೇ. ದೊಡ್ಡ ಮಳೆ ಬಂದರೆ ಗಬ್ಬು ನೀರು ಕೆರೆಯ ಏರಿ ದಾಟಿ ತಗ್ಗಿನ ಬೀದಿಗೆ ನುಗ್ಗುತ್ತಿತ್ತು. ಮುನಿವೆಂಕಟಮ್ಮನ ಮನೆಯೊಳಗೆ ಮೊಣಕಾಲುದ್ದ ನಿಲ್ಲುತ್ತಿತ್ತು. ಎತ್ತರದಲ್ಲಿರುವ ನಮಗೆ ಬಂದದ್ದು ವಾಸನೆ ಮಾತ್ರ. ಅದು ತಡೆಯಲಾರದೆ ಕೆರೆ ಶುಚಿ ಮಾಡಲು ಹೊರಟೆವು. ಅವಳ ಮನೆ ನಮ್ಮ ತಲೆಯಲ್ಲೇ ಇರಲಿಲ್ಲ.

ಒಂದು ಭಾನುವಾರ ಎಲ್ಲರೂ ಒಂದೇ ಬಣ್ಣದ ಟೀ ಶರ್ಟು ಹಾಕಿಕೊಂಡು ದಡದ ಪ್ಲಾಸ್ಟಿಕ್ ಕವರು ಆರಿಸಿದೆವು. ಫೋಟೊ ಆಯಿತು, ಇಡ್ಲಿ ಆಯಿತು. ಇಡ್ಲಿ ತಿಂದ ತಟ್ಟೆಗಳು ಅಲ್ಲೇ ಬಿದ್ದಿದ್ದವು, ನಾಚಿಕೆಗೆಟ್ಟವರು ನಾವು. ಮುನಿವೆಂಕಟಮ್ಮ ಸೀರೆ ಎತ್ತಿ ಕಟ್ಟಿ, ಬರಿಗಾಲಲ್ಲಿ ಕೋಡಿಯ ಕೆಸರಿಗಿಳಿದು ಹಾರೆ ಹಾಕುತ್ತಿದ್ದಳು.

"ತೇಲೋ ಕವರ್ ಆಯ್ತೀರಿ. ನೀರು ತಡೆದಿರೋದು ಈ ಕಲ್ಲು ಕಣ್ರಪ್ಪಾ!" ಎಂದು ಕೂಗಿದಳು.

"ಮುಂದಿನ ವಾರ ಜೆಸಿಬಿ ತರಿಸೋಣ ಬಿಡಮ್ಮ" ಅಂದೆ. ತರಿಸಲಿಲ್ಲ.

ಅವಳು ಕೂಲಿ ಮುಗಿಸಿ ದಿನಾ ಸಂಜೆ ಕೋಡಿಗಿಳಿಯತೊಡಗಿದಳು. ಒಂದು ದಿನ ನಮ್ಮ ಗೇಟಿಗೆ ಬಂದು ಬಾಂಡ್ಲಿ ಇಳಿಸಿದಳು. ಅದರಲ್ಲಿ ಕೆಂಪು ನೆಲದ ದಪ್ಪ ಚೂರು, ಚೂರಿನ ಮೇಲೆ ಹೆಬ್ಬೆರಳಿನ ಗುಳಿ.

"ಈ ಬೆರಳು ನಂದು, ಒಪ್ಕಂತೀನಿ. ಕಲ್ಲು ನಿಂದು ಕಣಪ್ಪ. ಇಟ್ಕೋ."

ಅಕ್ಕಪಕ್ಕದವರು ನೋಡುತ್ತಿದ್ದರು. "ಬೀದೀಲಿ ಮಾನ ಕಳೀತೀಯಾ?" ಎಂದು ರೇಗಿದೆ.

"ಮಾನ ಅಂತೆ! ಒಂದು ಮಳೆಗೆ ನಮ್ಮನೇಲಿ ಬಂದು ನಿಂತ್ಕಂಡು ಆಮೇಲೆ ಮಾತಾಡು" ಎಂದು ಖಾಲಿ ಬಾಂಡ್ಲಿ ಎತ್ತಿಕೊಂಡು ಹೊರಟಳು.

ಅದಾದ ಕೆಲವೇ ದಿನಕ್ಕೆ ಕೆಸರಿನಲ್ಲಿ ಯಾರೋ ಎಸೆದಿದ್ದ ಒಡೆದ ಕಮೋಡಿನ ಚೂರು ಅವಳ ಕಾಲು ಕೊಯ್ಯಿತು. ಮೊದಲೇ ಸಕ್ಕರೆ ಕಾಯಿಲೆ. ನಾನು ಕೋಲಾರದ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಹೆಬ್ಬೆರಳು ತೆಗೆದುಬಿಟ್ಟಿದ್ದರು. ಅವಳು ಅದರ ಮಾತೇ ಎತ್ತಲಿಲ್ಲ.

"ಕೋಡಿ ಬಿಡ್ಸಿದ್ರಾ?"

"ಇನ್ನೂ ಇಲ್ಲಮ್ಮ."

"ಪೋ ನಾಯ್ನಾ, ಪೋ. ಹೋಗಪ್ಪ" ಎಂದು ಗೋಡೆಯ ಕಡೆ ತಿರುಗಿಕೊಂಡಳು. ನನ್ನೊಡನೆ ಅವಳಾಡಿದ ಕೊನೆಯ ಮಾತು ಅದು. ನಂಜು ಮೇಲಕ್ಕೇರಿ ಅದೇ ವಾರ ಹೋಗಿಬಿಟ್ಟಳು. ಈ ಮಳೆಗಾಲದಲ್ಲೂ ನೀರು ಅವಳ ಮನೆಗೆ ನುಗ್ಗಿತು. ಅವಳ ಮಗಳು ಅಕ್ಕಿ ಮೂಟೆಯನ್ನು ಮಂಚದ ಮೇಲಿಟ್ಟು ಬಾಗಿಲಲ್ಲಿ ನಿಂತಿದ್ದಳು.

ಚೂರು ನಮ್ಮ ಗೇಟಿನ ಪಕ್ಕದಲ್ಲೇ ಇದೆ. ಮೊನ್ನೆ ಪಕ್ಕದ ಮನೆಯವರು ಬಚ್ಚಲು ಒಡೆಸಿದರು. ತುಂಬಿದ ಟ್ರ್ಯಾಕ್ಟರು ಹೊರಟಾಗ ಎದುರಿಗೆ ಹೋಗಿ ನಿಂತೆ.

"ಎಲ್ಲಿಗೆ?" ಅಂದೆ.

ಡ್ರೈವರು ನಕ್ಕ. "ಕೆರೆ ಇಲ್ವಾ ಸಾರ್?"

ನಾನು ಕಾಲು ಕೀಳಲಿಲ್ಲ.